ತಾಳೆಯಾಗದ 800 ಗ್ರಾಂ

ಹೃದಯ ಸೋತು, ಕಾಲುಗಳಲ್ಲಿ ನೀರು ತುಂಬಿಕೊಂಡು ಅಪ್ಪ ಆಸ್ಪತ್ರೆಗೆ ಸೇರಿದ ಮೂರನೆಯ ದಿನ, ಅವರ ಮಂಚಕ್ಕೆ ಸಿಕ್ಕಿಸಿದ್ದ ಹಾಳೆಯನ್ನು ತೆಗೆದುಕೊಂಡು ನಾನು ಲೆಕ್ಕ ಹಾಕಲು ಕುಳಿತೆ. ವೃತ್ತಿಯಿಂದ ಲೆಕ್ಕಪತ್ರ ನೋಡುವವಳಾದ್ದರಿಂದ ಎರಡು ಕಂಬಸಾಲುಗಳಿರುವ ಯಾವ ಹಾಳೆ ಕಣ್ಣಿಗೆ ಬಿದ್ದರೂ ಕೂಡಿಸಿ ಕಳೆಯದೆ ಬಿಡುವ ಅಭ್ಯಾಸ ನನಗಿಲ್ಲ. ಎಡಗಡೆ ಒಳಗೆ ಹೋದದ್ದು, ಬಲಗಡೆ ಹೊರಗೆ ಬಂದದ್ದು. ಉಪ್ಪಿಲ್ಲದ ಅಡುಗೆಯನ್ನು ಮನೆಯಲ್ಲಿಯೇ ತೂಗಿ ಡಬ್ಬಿಗೆ ಹಾಕಿ ತರುತ್ತಿದ್ದೆವು. ನೀರು, ಗಂಜಿ, ಅರ್ಧ ಲೋಟ ಕಾಫಿ ಎಲ್ಲ ಸೇರಿ ಆ ದಿನ ಒಳಗೆ ಹೋದದ್ದು 1.6 ಕಿಲೋ. ಮೂತ್ರ 1.4 ಕಿಲೋ. ಮಲವಿಸರ್ಜನೆ ಆಗಿರಲಿಲ್ಲ. ಅಂದರೆ ಅಪ್ಪನ ತೂಕ 200 ಗ್ರಾಂ ಏರಬೇಕಿತ್ತು. ಹಿಂದಿನ ದಿನ ಬೆಳಗ್ಗೆ 64.8 ಇದ್ದದ್ದು 65 ಆಗಬೇಕಿತ್ತು. ಆದರೆ ಹಾಳೆಯಲ್ಲಿದ್ದದ್ದು 64.2. ಲೆಕ್ಕದಲ್ಲಿ 800 ಗ್ರಾಂ ಎಲ್ಲಿಗೋ ಹೋಗಿತ್ತು. ತಪ್ಪು ಬರೆದಿರಬೇಕೆಂದು ಸಿಸ್ಟರ್ ಅವರನ್ನು ಕರೆದು ತೋರಿಸಿದೆ. ಅವರು ಹಾಳೆಯನ್ನು ಒಮ್ಮೆ ನೋಡಿ, "ಉಸಿರಲ್ಲಿ ಹೋಗೋದನ್ನ ಯಾವ ಡಬ್ಬಿಲಿ ಹಿಡಿಯೋದು ಮೇಡಂ?" ಎಂದು ನಕ್ಕು ಮುಂದಿನ ಮಂಚಕ್ಕೆ ಹೋದರು. ಸಾಗರದ ಅಡಿಕೆ ಮಂಡಿಯೊಂದರಲ್ಲಿ ಮೂವತ್ತೆಂಟು ವರ್ಷ ಗುಮಾಸ್ತರಾಗಿದ್ದ ಅಪ್ಪನಿಗೆ ನನ್ನ ತಕರಾರು ವಿಚಿತ್ರವಾಗಿ ಕಂಡಿತು. "ಅಲ್ಲ ಮಾರಾಯ್ತಿ, ಹಸಿ ಅಡಿಕೆ ಅಂಗಳದಲ್ಲಿ ಒಣಗಿದ ಮೇಲೆ ಇಳಿದ ತೂಕ ಎಲ್ಲಿಗೆ ಹೋಯ್ತು ಅಂತ ಯಾರಾದ್ರೂ ಕೇಳ್ತಾರಾ? ನಾನೂ ಒಣಗ್ತಾ ಇದೀನಿ, ಅಷ್ಟೇ" ಎಂದರು.

ಸಂಜೆ ಬಂದ ಕಿರಿಯ ಡಾಕ್ಟರು ಅದಕ್ಕೊಂದು ಹೆಸರು ಕೊಟ್ಟರು: ಇನ್‌ಸೆನ್ಸಿಬಲ್ ಲಾಸ್. ಬೆವರು ಹರಿಯದೆ ಸುಮ್ಮನೆ ಮಲಗಿರುವ ಮನುಷ್ಯನಿಂದಲೂ ಚರ್ಮ ಮತ್ತು ಉಸಿರಿನ ಮೂಲಕ ದಿನಕ್ಕೆ ಸುಮಾರು 800 ಮಿಲಿಲೀಟರ್ ನೀರು ಆವಿಯಾಗಿ ಹೋಗುತ್ತದೆಯಂತೆ. ಆ ಹೆಸರು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಅರಿವಿಗೆ ಬಾರದ ನಷ್ಟ! ಲೆಕ್ಕಪತ್ರದ ಲೋಕದಲ್ಲಿ ಇಂಥ ಶೀರ್ಷಿಕೆಯನ್ನು ಯಾವ ಆಡಿಟರೂ ಒಪ್ಪುವುದಿಲ್ಲ. ಇದನ್ನು ವೈದ್ಯಶಾಸ್ತ್ರದ ಖಾತೆಗೆ ಮೊದಲು ಅಂಕಿಯ ರೂಪದಲ್ಲಿ ತಂದವನು ಯಾರೆಂದು ಹುಡುಕುತ್ತ ಹೋದಾಗ ಸಿಕ್ಕವನು, ಹೆಸರನ್ನೇ ಎರಡು ಸಲ ಹೇಳಬೇಕಾದ ಒಬ್ಬ ವೆನಿಸಿನ ವೈದ್ಯ, ಸ್ಯಾಂಟೋರಿಯೊ ಸ್ಯಾಂಟೋರಿಯೊ.

ಎಂಟರಲ್ಲಿ ಐದು

ಸ್ಯಾಂಟೋರಿಯೊ 1561ರಲ್ಲಿ ಏಡ್ರಿಯಾಟಿಕ್ ಕಡಲ ದಂಡೆಯ ಕಾಪೊದಿಸ್ತ್ರಿಯಾ ಎಂಬ ಊರಿನಲ್ಲಿ ಹುಟ್ಟಿದ. ಆಗ ಅದು ವೆನಿಸ್ ಗಣರಾಜ್ಯಕ್ಕೆ ಸೇರಿತ್ತು. ಇಂದು ಸ್ಲೊವೇನಿಯಾ ದೇಶದಲ್ಲಿದೆ, ಹೆಸರು ಕೋಪರ್. ತಂದೆ ವೆನಿಸಿನ ಸರ್ಕಾರದ ಅಧಿಕಾರಿ. ಹುಡುಗ ವೆನಿಸಿನ ಮೊರೊಸಿನಿ ಎಂಬ ದೊಡ್ಡ ಮನೆತನದ ಮಕ್ಕಳೊಂದಿಗೆ ಓದಿ, 1582ರಲ್ಲಿ ಪಡುವಾ ವಿಶ್ವವಿದ್ಯಾಲಯದಿಂದ ವೈದ್ಯನಾಗಿ ಹೊರಬಂದ. ಕೆಲವು ವರ್ಷ ಕ್ರೊವೇಷಿಯಾದ ಕಡೆ ವೈದ್ಯವೃತ್ತಿ ಮಾಡಿ ವೆನಿಸಿಗೆ ಮರಳಿದ ಮೇಲೆ, ವೈದ್ಯರು ಮಾಡುವ ಎಲ್ಲ ತಪ್ಪುಗಳನ್ನು ತಪ್ಪಿಸುವ ಮಾರ್ಗಗಳು ಎಂಬ ಅರ್ಥದ ಹೆಸರಿನ ದಪ್ಪ ಗ್ರಂಥವೊಂದನ್ನು ಬರೆದ. (ಹೆಸರಿನಲ್ಲಿರುವ ಆತ್ಮವಿಶ್ವಾಸವನ್ನು ಗಮನಿಸಬೇಕು.) ಅದರ ಬಲದಿಂದ 1611ರಲ್ಲಿ ಪಡುವಾದ ವೈದ್ಯಶಾಸ್ತ್ರ ಪೀಠ ಅವನಿಗೆ ದೊರೆಯಿತು. ಅದರ ಹಿಂದಿನ ವರ್ಷವಷ್ಟೇ ಗೆಲಿಲಿಯೊ ಅದೇ ವಿಶ್ವವಿದ್ಯಾಲಯದ ಗಣಿತ ಪೀಠವನ್ನು ಬಿಟ್ಟು ಫ್ಲಾರೆನ್ಸಿಗೆ ಹೋಗಿದ್ದ. ಇಬ್ಬರಿಗೂ ವೆನಿಸಿನ ಗೆಳೆಯರ ಬಳಗ ಒಂದೇ ಆಗಿತ್ತು.

ನಮಗೆ ಕಾಣದಂತೆ ದೇಹವು ಸದಾ ಏನನ್ನೋ ಹೊರಗೆ ಬಿಡುತ್ತಿರುತ್ತದೆ ಎಂಬ ಮಾತು ಸ್ಯಾಂಟೋರಿಯೊನದಲ್ಲ. ಅವನಿಗಿಂತ ಸುಮಾರು ಒಂದೂವರೆ ಸಾವಿರ ವರ್ಷ ಹಿಂದಿನ ಗ್ರೀಕ್ ವೈದ್ಯ ಗ್ಯಾಲೆನ್ ಅದನ್ನು ಹೇಳಿದ್ದ. ಆ ಹೊರಹರಿವಿಗೆ ತಡೆಯಾದರೆ ಕಾಯಿಲೆ ಬರುತ್ತದೆ ಎಂದು ಎಲ್ಲ ವೈದ್ಯರೂ ನಂಬಿದ್ದರು. ಆದರೆ ಎಷ್ಟು ಹೋಗುತ್ತದೆ ಎಂದು ಯಾರೂ ಕೇಳಿರಲಿಲ್ಲ. ವೈದ್ಯನೆಂದರೆ ಹೆಚ್ಚಾದದ್ದನ್ನು ಕಳೆಯುವವನು, ಕಡಿಮೆಯಾದದ್ದನ್ನು ಕೂಡಿಸುವವನು ಎಂಬ, ಪ್ರಾಚೀನ ಗ್ರೀಕ್ ವೈದ್ಯ ಹಿಪೊಕ್ರಾಟಿಸ್‌ನ ಹಳೆಯ ಮಾತನ್ನು ಎಲ್ಲರೂ ನುಡಿಗಟ್ಟಿನಂತೆ ಉಲ್ಲೇಖಿಸುತ್ತಿದ್ದಾಗ, ಸ್ಯಾಂಟೋರಿಯೊ ಅದನ್ನು ಅಕ್ಷರಶಃ ತೆಗೆದುಕೊಂಡ. ಕೂಡಿಸಿ ಕಳೆಯಬೇಕಾದರೆ ತೂಕ ಗೊತ್ತಿರಬೇಕಲ್ಲವೇ? ತಾನು ತಿಂದದ್ದು, ಕುಡಿದದ್ದು, ಮಲ, ಮೂತ್ರ, ಕೊನೆಗೆ ತನ್ನ ದೇಹ, ಎಲ್ಲವನ್ನೂ ತೂಗುತ್ತ ಹೋದ. 1614ರಲ್ಲಿ ವೆನಿಸಿನಲ್ಲಿ ಅಚ್ಚಾದ ಅವನ 'ದೆ ಸ್ಟಾಟಿಕಾ ಮೆಡಿಸಿನಾ' ಈ ತೂಗಾಟದ ಫಲ. ಪುಟ್ಟ ಪುಸ್ತಕ, ನಮ್ಮ ಶಾಸ್ತ್ರಗ್ರಂಥಗಳ ಹಾಗೆ ಸೂತ್ರರೂಪದಲ್ಲಿದೆ. ಒಂದು ದಿನದ ಅನ್ನಪಾನ ಎಂಟು ಪೌಂಡು ತೂಗಿದರೆ, ಅದರಲ್ಲಿ ಐದು ಪೌಂಡಿನಷ್ಟು ಅರಿವಿಗೆ ಬಾರದ ಬೆವರಾಗಿ ಹೋಗುತ್ತದೆ ಎನ್ನುತ್ತದೆ ಒಂದು ಸೂತ್ರ. ಒಂದು ರಾತ್ರಿಯಲ್ಲಿ ಮೂತ್ರ 16 ಔನ್ಸ್, ಮಲ 4 ಔನ್ಸ್, ಕಾಣದೆ ಹೋದದ್ದು 40 ಔನ್ಸಿಗೂ ಹೆಚ್ಚು ಎನ್ನುತ್ತದೆ ಇನ್ನೊಂದು. ಬಾಯಿಂದ ಹೊರಡುವ ಉಸಿರಿನಲ್ಲಿಯೇ ದಿನಕ್ಕೆ ಅರ್ಧ ಪೌಂಡು ಹೋಗುತ್ತದೆ. ಬಾಯಿಯ ಮುಂದೆ ಕನ್ನಡಿ ಹಿಡಿದರೆ ಅದರ ಮೇಲೆ ಕೂಡುವ ಹನಿಗಳೇ ಸಾಕ್ಷಿ ಎನ್ನುತ್ತದೆ ಮತ್ತೊಂದು. ಸಿಸ್ಟರ್ ಕೇಳಿದ ಡಬ್ಬಿಯ ಪ್ರಶ್ನೆಗೆ ನಾಲ್ಕು ನೂರು ವರ್ಷ ಹಿಂದೆಯೇ ಒಬ್ಬ ಕನ್ನಡಿ ಹಿಡಿದು ಉತ್ತರ ಹುಡುಕಿದ್ದ ಎಂದು ಓದಿದಾಗ ಅದನ್ನು ಅವರಿಗೆ ಹೇಳಬೇಕೆನಿಸಿತು. ಅಷ್ಟರಲ್ಲಿ ನಾವು ಮನೆಗೆ ಬಂದಾಗಿತ್ತು.

ಎಂಟರಲ್ಲಿ ಐದು ಎಂಬ ಅನುಪಾತ ಇಂದಿನ ಲೆಕ್ಕಕ್ಕೆ ಹೊಂದುವುದಿಲ್ಲ. ನೀರಿನ ಮಟ್ಟಿಗೆ ಹೇಳುವುದಾದರೆ, ತಣ್ಣನೆಯ ಜಾಗದಲ್ಲಿ ಕುಳಿತಿರುವವನಲ್ಲಿ ಹೀಗೆ ಹೋಗುವುದು ಸುಮಾರಾಗಿ ಮೂರನೇ ಒಂದು ಪಾಲು. ಸ್ಯಾಂಟೋರಿಯೊ ಹೇಳುವುದು ಅರ್ಧಕ್ಕಿಂತ ಹೆಚ್ಚು. ಆದರೆ ಲೆಕ್ಕಪತ್ರದವಳಾಗಿ ನನ್ನನ್ನು ಕಾಡಿದ್ದು ಅಂಕಿಯ ತಪ್ಪಲ್ಲ, ಆ ಅಂಕಿ ಬಂದ ದಾರಿ. ನಮ್ಮಲ್ಲಿ ಲೆಕ್ಕ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ತಾತ್ಕಾಲಿಕವಾಗಿ ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ. ಖಾತೆ ಆಗ ತಾಳೆಯಾಗುತ್ತದೆ, ಏಕೆಂದರೆ ತಾಳೆಯಾಗಲಿ ಎಂದೇ ಆ ಮೊತ್ತವನ್ನು ಹುಟ್ಟಿಸಲಾಗಿದೆ. ಸ್ಯಾಂಟೋರಿಯೊನ ಐದು ಪೌಂಡು ಕೂಡ ಹಾಗೆ ಹುಟ್ಟಿದ್ದೇ. ಅವನು ಅದನ್ನು ಎಂದೂ ನೇರವಾಗಿ ತೂಗಲಿಲ್ಲ. ಒಳಗೆ ಹೋದದ್ದರಿಂದ ಕಣ್ಣಿಗೆ ಕಂಡದ್ದನ್ನು ಕಳೆದು ಉಳಿದದ್ದಕ್ಕೆಲ್ಲ ಒಂದೇ ಹೆಸರಿಟ್ಟ. ಆ ಉಳಿಕೆಯಲ್ಲಿ ಅವನಿಗೆ ತಿಳಿಯದ ಎಷ್ಟೋ ವಸ್ತುಗಳಿದ್ದವು. ನಾವು ಎಳೆದುಕೊಳ್ಳುವ ಗಾಳಿಗೆ ತೂಕವಿದೆ, ಬಿಡುವ ಗಾಳಿ ಅದಕ್ಕಿಂತ ಭಾರ, ಏಕೆಂದರೆ ಅದು ಉಂಡ ಅನ್ನದ ಇಂಗಾಲವನ್ನು ಹೊತ್ತುಕೊಂಡು ಹೋಗುತ್ತದೆ. ಈ ಬಾಬತ್ತುಗಳನ್ನು ಬೇರೆಬೇರೆ ಮಾಡಲು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೇ ಮತ್ತು ಅವನ ಜೊತೆಗಾರ ಸೆಗೆನ್ ಬರಬೇಕಾಯಿತು. 1790ರ ಆಸುಪಾಸಿನಲ್ಲಿ ಸೆಗೆನ್ ರಬ್ಬರು ಬಳಿದ ರೇಷ್ಮೆಯ ಚೀಲದೊಳಗೆ ಕುಳಿತು, ಚೀಲದ ಬಾಯನ್ನು ತನ್ನ ತುಟಿಗಳ ಸುತ್ತ ಅಂಟಿಸಿಕೊಂಡು, ಚರ್ಮದಿಂದ ಹೋಗುವುದೆಷ್ಟು, ಶ್ವಾಸಕೋಶದಿಂದ ಹೋಗುವುದೆಷ್ಟು ಎಂದು ಬಿಡಿಸಿ ತೂಗಿಸಿದ. ಸಸ್ಪೆನ್ಸ್ ಖಾತೆಯನ್ನು ಇತ್ಯರ್ಥಗೊಳಿಸಲು ನೂರೆಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು ಎನ್ನಬಹುದು. ಆದರೂ ಖಾತೆಯನ್ನು ತೆರೆದವನ ಬಗ್ಗೆ ನನಗೆ ಗೌರವವಿದೆ. ಗ್ಯಾಲೆನ್‌ನ ಶಿಷ್ಯಪರಂಪರೆ ಆ ವ್ಯತ್ಯಾಸವನ್ನು ಖಾತೆಗೇ ತಂದಿರಲಿಲ್ಲ.

ಅಟ್ಟದಲ್ಲಿ ಅಡಗಿಸಿಟ್ಟ ತೊಲೆ

ಸ್ಯಾಂಟೋರಿಯೊನ ಹೆಸರು ಕೇಳಿದವರಿಗೆ ನೆನಪಿರುವುದು ಒಂದು ಚಿತ್ರ. ಊಟದ ಮೇಜಿನ ಮುಂದೆ ಒಬ್ಬ ಮನುಷ್ಯ ಕುರ್ಚಿಯ ಮೇಲೆ ಕುಳಿತಿದ್ದಾನೆ. ಕುರ್ಚಿ ನೆಲದ ಮೇಲಿಲ್ಲ, ಮೇಲಿನಿಂದ ತೂಗುಬಿಟ್ಟಿದೆ. ತಕ್ಕಡಿ ಎಂದೊಡನೆ ನಮ್ಮ ಕಣ್ಣಿಗೆ ಬರುವ ಎರಡು ತಟ್ಟೆಗಳ ಸಾಧನವಲ್ಲ ಅದು. ಒಂದೇ ಉದ್ದನೆಯ ತೋಳು, ಗಿಡ್ಡ ತುದಿಯಲ್ಲಿ ಕುರ್ಚಿ, ಉದ್ದನೆಯ ತುದಿಯ ಮೇಲೆ ಅತ್ತಿತ್ತ ಜಾರಿಸಬಹುದಾದ ತೂಕದ ಗುಂಡು. ಗುಂಡು ಎಲ್ಲಿ ನಿಂತಾಗ ತೋಳು ಸಮವಾಗುತ್ತದೋ ಅಲ್ಲಿಯ ಗೆರೆಯೇ ತೂಕ. ಪರ್ಷಿಯಾದ ಹಳೆಯ ವೈದ್ಯ ಅವಿಸೆನ್ನಾನ ವೈದ್ಯಗ್ರಂಥಕ್ಕೆ 1625ರಲ್ಲಿ ಸ್ಯಾಂಟೋರಿಯೊ ಪ್ರಕಟಿಸಿದ ವ್ಯಾಖ್ಯಾನದಲ್ಲಿ ಈ ಕುರ್ಚಿಯ ವಿವರಗಳಿವೆ. ತೋಳನ್ನು ಊಟದ ಕೋಣೆಯ ಮೇಲಿನ ಅಂತಸ್ತಿನ ತೊಲೆಗಳಿಗೆ ಕಟ್ಟಿ ಮರೆಮಾಡಬೇಕು ಎನ್ನುತ್ತಾನೆ ಅವನು. ಕೋಣೆಯ ಅಂದ ಕೆಡುತ್ತದೆ ಎಂಬುದು ಒಂದು ಕಾರಣ. ಓದುಬರಹವಿಲ್ಲದವರಿಗೆ ರೂಢಿಯಲ್ಲಿಲ್ಲದ್ದೆಲ್ಲ ನಗೆಪಾಟಲಾಗಿ ಕಾಣುತ್ತದೆ ಎಂಬುದು ಇನ್ನೊಂದು. ಈ ಎರಡನೆಯ ಕಾರಣವನ್ನು ಓದಿ ನನಗೆ ಅವನ ಮೇಲೆ ಇದ್ದಕ್ಕಿದ್ದಂತೆ ಮಮತೆ ಉಕ್ಕಿತು. ಯಾರೋ ನಕ್ಕಿರಬೇಕು. ಅಡುಗೆಯವನೋ ಆಳೋ, ಯಜಮಾನರು ಸಂತೆಯ ಮೂಟೆಯ ಹಾಗೆ ನೇತಾಡುತ್ತ ಉಣ್ಣುವುದನ್ನು ಕಂಡು ಬಾಗಿಲ ಸಂದಿಯಲ್ಲಿ ಮುಸಿಮುಸಿ ನಕ್ಕಿರಬಹುದು. ಮದುವೆಯಾಗದೆ ಉಳಿದ ಆ ಮನುಷ್ಯ ತೊಲೆಯನ್ನು ಅಟ್ಟಕ್ಕೆ ಸಾಗಿಸಿ, ನಗುವವರ ಕಣ್ಣು ತಪ್ಪಿಸಿ ಊಟ ಮುಂದುವರಿಸಿದ.

ಆ ಕುರ್ಚಿಯ ಇನ್ನೊಂದು ಚಮತ್ಕಾರವನ್ನೂ ಅವನು ವಿವರಿಸುತ್ತಾನೆ. ಎಷ್ಟು ತಿನ್ನಬೇಕೆಂದು ಮೊದಲೇ ನಿಶ್ಚಯಿಸಿ, ಅಷ್ಟು ತೂಕಕ್ಕೆ ಗುಂಡನ್ನು ಸರಿಸಿಟ್ಟಿದ್ದರೆ, ಆ ಅಳತೆ ಮುಟ್ಟಿದ ಕ್ಷಣ ಕುರ್ಚಿ ತಾನಾಗಿ ಸ್ವಲ್ಪ ಕೆಳಗಿಳಿಯುತ್ತದೆ. ಮೇಜಿನ ಮೇಲಿನ ತಟ್ಟೆ ಕೈಗೆ ಎಟುಕದಾಗುತ್ತದೆ. ಊಟ ಮುಗಿಯಿತು.

ಅಪ್ಪನಿಗೆ ಈ ಕುರ್ಚಿ ಇರಲಿಲ್ಲ, ಇದ್ದದ್ದು ನಾನು. ಮನೆಗೆ ಬಂದ ಮೇಲೆ ದಿನಕ್ಕೆ ಒಂದೂಕಾಲು ಲೀಟರಿಗಿಂತ ಹೆಚ್ಚು ದ್ರವ ಕೂಡದೆಂದು ಡಾಕ್ಟರು ಹೇಳಿದ್ದರು. ಬಾಟಲಿಯ ಮೇಲೆ ಗೆರೆ ಎಳೆದಿಟ್ಟೆ, ದೊಡ್ಡ ಲೋಟಗಳನ್ನೆಲ್ಲ ಅಟ್ಟಕ್ಕೆ ಹಾಕಿದೆ, ಬೆಳಗ್ಗೆ ಶೌಚವಾದ ಮೇಲೆ ತಿಂಡಿಗೆ ಮೊದಲು ತೂಕ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಎರಡು ದಿನದಲ್ಲಿ ಎರಡು ಕಿಲೋ ಏರಿದರೆ ಫೋನ್ ಮಾಡಬೇಕೆಂಬ ಸೂಚನೆಯಿತ್ತು. ಒಂದು ಬೆಳಗ್ಗೆ ಒಂದೇ ದಿನಕ್ಕೆ 1.3 ಕಿಲೋ ಏರಿತ್ತು. ಬಾಟಲಿಯ ನೀರು ಗೆರೆಯ ಹತ್ತಿರವೇ ಇತ್ತು. ನಾನು ಏನೂ ಕೇಳಲಿಲ್ಲ, ನೋಟ್‌ಬುಕ್ಕನ್ನು ಅವರ ಮುಂದೆ ಹಿಡಿದೆ. ಮಂಡಿಯಲ್ಲಿ ಲಕ್ಷಾಂತರ ಮೂಟೆಗಳ ತೂಕವನ್ನು ಬರೆದಿಟ್ಟ ಕೈಯಿಂದ ಆ ಅಂಕಿಯನ್ನು ಸವರಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಬಚ್ಚಲಲ್ಲಿ ಮುಖ ತೊಳೆಯುವಾಗ ನಲ್ಲಿಗೆ ಬಾಯಿ ಕೊಟ್ಟೆನೆಂದು ಒಪ್ಪಿಕೊಂಡರು. ಹಿಂದಿನ ದಿನ ಮೂರು ಸಲ. ತೂಕ ಚಾಡಿ ಹೇಳಿತ್ತು. ನಾನು ಗೆದ್ದೆ, ಆದರೆ ಎಪ್ಪತ್ತಾರು ವರ್ಷದ ಮನುಷ್ಯ ಬಾಯಾರಿಕೆಗಾಗಿ ಮಗಳ ಎದುರು ತಲೆ ತಗ್ಗಿಸಿ ನಿಂತದ್ದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಸ್ಯಾಂಟೋರಿಯೊ ತನ್ನ ಕುರ್ಚಿಯನ್ನು ತಾನೇ ಹೊಂದಿಸಿಕೊಳ್ಳುತ್ತಿದ್ದ. ತಟ್ಟೆ ಎಟುಕದಂತೆ ಇಳಿಸುವ ಕೈ ಬೇರೆಯವರದ್ದಾದಾಗ ಅದೇ ಯಂತ್ರದ ಸ್ವಭಾವ ಬದಲಾಗುತ್ತದೆ ಎಂಬುದು ಅವನ ಸೂತ್ರಗಳಲ್ಲಿ ಇಲ್ಲ.

ಅಳೆಯುವುದು ಅವನಿಗೆ ತೂಕಕ್ಕೆ ಮಾತ್ರ ಸೀಮಿತವಾದ ಹುಚ್ಚಾಗಿರಲಿಲ್ಲ. ಸೆಕೆಂಡಿನ ಮುಳ್ಳಿರುವ ಗಡಿಯಾರವಿಲ್ಲದ ಕಾಲದಲ್ಲಿ ನಾಡಿಯ ವೇಗವನ್ನು ಹೇಗೆ ಬರೆದಿಡುವುದು? ದಾರದ ತುದಿಗೆ ಸೀಸದ ಗುಂಡು ಕಟ್ಟಿ ತೂಗಾಡಿಸಿ, ಅದರ ಓಲಾಟ ರೋಗಿಯ ನಾಡಿಯೊಂದಿಗೆ ಸರಿಹೊಂದುವವರೆಗೆ ದಾರವನ್ನು ಗಿಡ್ಡ ಉದ್ದ ಮಾಡುತ್ತಿದ್ದ. ಹೊಂದಿದಾಗ ದಾರದ ಉದ್ದವೇ ನಾಡಿಯ ಅಳತೆ. ಜ್ವರ ಏರಿದವನ ದಾರ ಗಿಡ್ಡ, ಇಳಿದವನದು ಉದ್ದ. ನಿನ್ನೆಯ ದಾರದ ಪಕ್ಕದಲ್ಲಿ ಇಂದಿನ ದಾರವನ್ನು ಇಟ್ಟು ನೋಡಿದರೆ ರೋಗಿ ಸುಧಾರಿಸುತ್ತಿದ್ದಾನೋ ಇಲ್ಲವೋ ಎಂಬುದು ವೈದ್ಯನ ಬೆರಳ ನೆನಪನ್ನು ಅವಲಂಬಿಸಬೇಕಾಗಿಲ್ಲ. ಹಾಗೆಯೇ ಗಾಜಿನ ಬುರುಡೆಯನ್ನು ರೋಗಿಯ ಬಾಯಲ್ಲಿ ಇರಿಸಿ, ಅದಕ್ಕೆ ಸೇರಿದ ಕೊಳವೆಯ ನೀರು ಎಷ್ಟು ಇಳಿಯುತ್ತದೆ ಎಂದು ನೋಡಿ ಮೈಬಿಸಿಯನ್ನು ಅಳೆಯುತ್ತಿದ್ದ. 1612ರಲ್ಲಿ ವೆನಿಸಿನ ಸಗ್ರೆದೊ ಎಂಬ ಗೆಳೆಯ ಈ ಸಾಧನದ ಸುದ್ದಿಯನ್ನು ಗೆಲಿಲಿಯೊಗೆ ಪತ್ರದಲ್ಲಿ ತಿಳಿಸಿದ. ಇವುಗಳನ್ನು ಮೊದಲು ಕಂಡುಹಿಡಿದವರು ಯಾರೆಂಬ ಜಗಳ ಮುಂದಿನ ಶತಮಾನಗಳಲ್ಲಿ ಸಾಕಷ್ಟು ನಡೆಯಿತು. ನನಗೆ ಅದರಲ್ಲಿ ಆಸಕ್ತಿಯಿಲ್ಲ. ಇವುಗಳನ್ನು ರೋಗಿಯ ಮಂಚದ ಬಳಿಗೆ ತಂದವನು ಸ್ಯಾಂಟೋರಿಯೊ, ನನಗೆ ಅಷ್ಟು ಸಾಕು.

ಅವನ ಬಗ್ಗೆ ದೂರು ಇಲ್ಲವೆಂದಲ್ಲ. 1615ರಲ್ಲಿ ಪುಸ್ತಕದ ಪ್ರತಿಯನ್ನು ಗೆಲಿಲಿಯೊಗೆ ಕಳಿಸುತ್ತ, 25 ವರ್ಷಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ಇದನ್ನು ಪರೀಕ್ಷಿಸಿದ್ದೇನೆಂದು ಬರೆದ. ತಾನೇ 30 ವರ್ಷ ತಕ್ಕಡಿಯ ಮೇಲೆಯೇ ಉಂಡು ಮಲಗಿದನೆಂಬ ಕಥೆ ಬೇರೆ ಹಬ್ಬಿತು. ಹತ್ತು ಸಾವಿರ ಜನ! ಆದರೆ ಪುಸ್ತಕದಲ್ಲಿ ಒಬ್ಬನ ಒಂದು ದಿನದ ಲೆಕ್ಕವನ್ನೂ ಅವನು ಕೊಡುವುದಿಲ್ಲ. ಸೂತ್ರಗಳಿವೆ, ಅವುಗಳ ಹಿಂದಿನ ಕಡತವಿಲ್ಲ. ವೋಚರು ಇಲ್ಲದ ಅಂತಿಮ ಪಟ್ಟಿಯನ್ನು ತಂದಿಟ್ಟು ನಂಬಿ ಎಂದ ಹಾಗಾಯಿತು. ಆ ಕಾಲಕ್ಕೆ ಸೂತ್ರವೇ ವೈದ್ಯರ ಗಂಭೀರ ಶೈಲಿ, ಹಿಪೊಕ್ರಾಟಿಸ್‌ನ ಹೆಸರಿನ ಸೂತ್ರಗಳನ್ನು ಬಾಯಿಪಾಠ ಮಾಡಿಯೇ ಎಲ್ಲರೂ ವೈದ್ಯರಾಗುತ್ತಿದ್ದದ್ದು ಎಂಬ ಸಮಜಾಯಿಷಿ ಇದೆ; ನಾನು ಅದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಫೆರಾರದ ಇಪ್ಪೊಲಿತೊ ಒಬಿಜ್ಜಿ ಎಂಬ ವೈದ್ಯ ಪುಸ್ತಕ ಬಂದ ಮರುವರ್ಷವೇ ಅದನ್ನು ಖಂಡಿಸಿ ಒಂದು ಪುಸ್ತಕವನ್ನೇ ಬರೆದ. ಪಡುವಾದ ವಿದ್ಯಾರ್ಥಿಗಳಿಗೂ ಒಂದು ಅಸಮಾಧಾನವಿತ್ತು. ಮೇಷ್ಟರು ವೆನಿಸಿನ ಶ್ರೀಮಂತ ರೋಗಿಗಳನ್ನು ನೋಡಲು ಹೋಗಿ ಪಾಠ ತಪ್ಪಿಸುತ್ತಾರೆ ಎಂಬುದು ಅವರ ದೂರು. 1624ರಲ್ಲಿ ಅವನು ಪೀಠವನ್ನು ಬಿಟ್ಟು ವೆನಿಸಿಗೆ ಹೋದ, 1636ರಲ್ಲಿ ಸಾಯುವವರೆಗೂ ಅಲ್ಲಿಯೇ ವೈದ್ಯವೃತ್ತಿ ನಡೆಸಿದ. ಪುಸ್ತಕ ಮಾತ್ರ ಅವನಿಗಿಂತ ಬಹಳ ಕಾಲ ಬಾಳಿ ಯೂರೋಪಿನ ಹಲವು ಭಾಷೆಗಳಿಗೆ ಹೋಯಿತು. ಓದಿದವರಲ್ಲಿ ಕೆಲವರು ತಾವೂ ತಕ್ಕಡಿ ಏರಿದರು. ಅಮೆರಿಕದ ಚಾರ್ಲ್ಸ್‌ಟನ್ನಿನ ಜಾನ್ ಲೈನಿಂಗ್ ಎಂಬ ವೈದ್ಯ 1740ರಲ್ಲಿ ಇಡೀ ವರ್ಷ ತನ್ನನ್ನು ತೂಗಿಕೊಂಡು, ಸ್ಯಾಂಟೋರಿಯೊ ಮಾಡದ್ದನ್ನು ಮಾಡಿದ: ಅಂಕಿಗಳನ್ನು ಪ್ರಕಟಿಸಿದ.

ಮನಸ್ಸಿನ ತೂಕ

ಆ ಪುಸ್ತಕದಲ್ಲಿ ಏಳು ಭಾಗಗಳಿವೆ. ಗಾಳಿ ಮತ್ತು ನೀರು, ಊಟ, ನಿದ್ರೆ, ವ್ಯಾಯಾಮ, ದಾಂಪತ್ಯಸುಖ ಇವೆಲ್ಲ ಅರಿವಿಗೆ ಬಾರದ ಬೆವರನ್ನು ಹೇಗೆ ಏರಿಸಿ ಇಳಿಸುತ್ತವೆ ಎಂದು ಹೇಳಿದ ಮೇಲೆ, ಕೊನೆಯ ಭಾಗ ಮನಸ್ಸಿನ ಭಾವಗಳಿಗೆ ಮೀಸಲು. ಕೋಪ ಮತ್ತು ಹರ್ಷ ದೇಹವನ್ನು ಹಗುರ ಮಾಡುತ್ತವೆ, ಅಂಜಿಕೆ ಮತ್ತು ದುಃಖ ಭಾರ ಮಾಡುತ್ತವೆ ಎನ್ನುತ್ತಾನೆ ಸ್ಯಾಂಟೋರಿಯೊ. ಅವನು ಉಪಮೆ ಹೇಳುತ್ತಿಲ್ಲ. ದುಃಖಿಯ ಮೈಯಿಂದ ಕಾಣದ ಬೆವರು ಕಡಿಮೆ ಹೊರಡುತ್ತದೆ, ಒಳಗೇ ಉಳಿದದ್ದು ತೂಗುತ್ತದೆ ಎಂಬುದು ಅವನ ವಾದ. ಎದೆ ಭಾರವಾಯಿತು, ಅತ್ತು ಮನಸ್ಸು ಹಗುರ ಮಾಡಿಕೊಂಡೆ ಎಂದು ನಾವು ದಿನವೂ ಆಡುವ ಮಾತನ್ನು ಒಬ್ಬ ಮನುಷ್ಯ ತಕ್ಕಡಿಗೆ ಹಾಕಿ ಔನ್ಸಿನಲ್ಲಿ ನೋಡಲು ಹೊರಟಿದ್ದ ಎಂದು ತಿಳಿದಾಗ ನಾನು ಪುಸ್ತಕವನ್ನು ಮಡಚಿಟ್ಟು ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ಇದು ನಿಜವಲ್ಲ ಎಂದು ನನಗೆ ಗೊತ್ತು. ನಿಜವಾಗಿದ್ದರೆ ಚೆನ್ನಾಗಿರುತ್ತಿತ್ತು ಎಂದು ಅನಿಸಿದ್ದೂ ಸುಳ್ಳಲ್ಲ.

ಅಂದು ರಾತ್ರಿ ಅಪ್ಪ ಮಲಗಿದ ಮೇಲೆ ನೋಟ್‌ಬುಕ್ಕನ್ನು ಮೊದಲ ಪುಟದಿಂದ ತಿರುವಿದೆ. ತೂಕದ ಪಕ್ಕದಲ್ಲಿ ಆಗಾಗ ನಾನು ಗೀಚಿದ್ದ ಟಿಪ್ಪಣಿಗಳಿದ್ದವು: ಕರೆಂಟಿಲ್ಲ ಸೆಕೆ, ಹೋಳಿಗೆ ಒಂದು ಚೂರು, ಹಳೆಯ ಮಂಡಿ ಗೆಳೆಯರು ತೀರಿಕೊಂಡ ಸುದ್ದಿ. ಸುದ್ದಿ ಬಂದ ಮರುದಿನದ ತೂಕವನ್ನು ನೋಡಿದೆ. ಹಿಂದಿನ ದಿನದಷ್ಟೇ ಇತ್ತು. ಇನ್ನೆರಡು ಪುಟ ತಿರುವಿದಾಗ ಹಾಸನದಿಂದ ತಂಗಿ ಮಗಳನ್ನು ಕರೆದುಕೊಂಡು ಬಂದ ದಿನ ಸಿಕ್ಕಿತು. ಮೊಮ್ಮಗಳು ತಾತನ ತಕ್ಕಡಿಯ ಮೇಲೆ ತನ್ನ ಗೊಂಬೆಯನ್ನು ನಿಲ್ಲಿಸಿ, ಅದಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬೇಕೆಂದು ಹಟ ಹಿಡಿದು, ಅಪ್ಪ ಬಿದ್ದು ಬಿದ್ದು ನಕ್ಕ ದಿನ ಅದು. ಆ ಬೆಳಗ್ಗೆ 61.5 ಇತ್ತು. ಮರುದಿನ 61.2. ಎರಡರ ನಡುವೆ ಮೊಮ್ಮಗಳ ಓರೆಕೋರೆ ಅಕ್ಷರದಲ್ಲಿ ಗೊಂಬೆ, 0.4. ಅದರ ಕೆಳಗೆ ನನ್ನದೇ ಅಕ್ಷರದಲ್ಲಿ ಇನ್ನೊಂದು ಸಾಲು: ಇಂದಿನಿಂದ ನೀರಿಳಿಸುವ ಮಾತ್ರೆ ಲ್ಯಾಸಿಕ್ಸ್ ಒಂದರ ಬದಲು ಎರಡು.